ಪದ ಉಳಿಯಿತು, ಶ್ರುತಿ?
(ಉಪನ್ಯಾಸವೊಂದರ ಬರಹ ರೂಪ)

ತತ್ವಪದದ ಭಜನೆಗೆ ಕುಳಿತ ಹಾಡುಗಾರ ಬಾಯಿ ತೆರೆಯುವ ಮೊದಲು ಕಿವಿ ತೆರೆಯುತ್ತಾನೆ. ಕೈ ಏಕತಾರಿಯ ಬಿರಡೆಗೆ ಹೋಗುತ್ತದೆ. ತಂತಿಯನ್ನು ಒಮ್ಮೆ ಮೀಟಿ, ಬಿರಡೆಯನ್ನು ಎಳ್ಳುಕಾಳಿನಷ್ಟು ತಿರುವಿ, ಮತ್ತೆ ಮೀಟಿ, ಗಂಟಲಲ್ಲೇ ಒಂದು ಆಕಾರ ಹಿಡಿದು ನೋಡಿ, ಎರಡೂ ಕೂಡಿದವು ಎನ್ನಿಸಿದ ಮೇಲೆಯೇ ಪದ ಎತ್ತಿಕೊಳ್ಳುತ್ತಾನೆ. ಕೇಳಲು ಬಂದವರು ಅಷ್ಟರಲ್ಲಿ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿರುತ್ತಾರೆ. ಹಾಡು ಇನ್ನೂ ಶುರುವಾಗಿಲ್ಲ ಎಂದೇ ಎಲ್ಲರ ತಿಳಿವಳಿಕೆ. ಆದರೆ ಆ ಎರಡು ನಿಮಿಷದಲ್ಲಿ ಹಾಡಿನ ಅರ್ಧ ಕೆಲಸ ಮುಗಿದಿರುತ್ತದೆ. ಇಂದಿನ ಮಾತು ಆ ಎರಡು ನಿಮಿಷವನ್ನು ಕುರಿತದ್ದು.

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಹೆಸರುಗಳು ಬಹುಕಾಲ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 2009ರ ಡಿಸೆಂಬರ್ 30ರಂದು ಇವು ಸೇರಿ ಯಾದಗಿರಿ ಜಿಲ್ಲೆಯಾಯಿತು. ಭೀಮಾ ಮತ್ತು ಕೃಷ್ಣೆಯ ನಡುವಿನ ಈ ಸೀಮೆ ಬರಕ್ಕೆ, ಗುಳೆಗೆ ಹೆಸರಾದಷ್ಟೇ ಅನುಭಾವಿಗಳಿಗೂ ಹೆಸರಾದದ್ದು. ಕೊಡೇಕಲ್ಲಿನ ಬಸವಣ್ಣ, ತಿಂಥಣಿಯ ಮೌನೇಶ್ವರ ಇಬ್ಬರೂ ಸುರಪುರ ಸೀಮೆಯವರು. ಹಿಂದೂ ಮತ್ತು ಮುಸ್ಲಿಂ ಭಕ್ತರು ಕೂಡಿ ನಡೆದುಕೊಳ್ಳುವ ಸ್ಥಳಗಳು ಅವು. ಪಕ್ಕದ ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪ ಮತ್ತು ಅವರ ಶಿಷ್ಯ ಪರಂಪರೆಯ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರ ಪದಗಳು ತಾಲ್ಲೂಕಿನ ಗಡಿ ನೋಡದೆ ಈ ಊರುಗಳ ಬಾಯಲ್ಲಿ ನಿಂತಿವೆ. ಜಾತಿಯ ಗೋಡೆಯನ್ನು ದಾಟಿದ ಈ ಪದಗಳಿಗೆ ಬೇಕಾದ ವಾದ್ಯಗಳೂ ಬಡವರ ಕೈಗೆ ಎಟುಕುವಂಥವು: ಒಂದು ಏಕತಾರಿ ಅಥವಾ ತಂಬೂರಿ, ಒಂದು ದಮ್ಮಡಿ, ಒಂದು ಜೊತೆ ತಾಳ.

ಪದಗಳ ಮಟ್ಟಿಗೆ ಹೇಳುವುದಾದರೆ, ಕಳೆದ ಕೆಲವು ದಶಕಗಳಲ್ಲಿ ಒಳ್ಳೆಯ ಕೆಲಸ ನಡೆದಿದೆ. ಕೈಬರಹದ ಹೊತ್ತಿಗೆಗಳಲ್ಲಿ, ಹಾಡುವವರ ನೆನಪಿನಲ್ಲಿ ಚದುರಿಹೋಗಿದ್ದ ತತ್ವಪದಗಳನ್ನು ವಿದ್ವಾಂಸರು ಹುಡುಕಿ ತಂದರು. ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರದ ಮೂಲಕ ನಾಡಿನ ತತ್ವಪದಗಳು ಸಂಪುಟಗಳಾಗಿ ಹೊರಬಂದವು. ಅಚ್ಚಿನ ಪುಸ್ತಕ ಪದದ ಸಾಹಿತ್ಯವನ್ನು ಕೊಡುತ್ತದೆ. ಕೆಲವೆಡೆ ರಾಗ, ತಾಳದ ಹೆಸರೂ ಇರುತ್ತದೆ. ಆದರೆ ಆ ಪದ ಹಾಡಿದಾಗ ತಂತಿ ಯಾವ ಸ್ವರದಲ್ಲಿ ನಿಂತಿತ್ತು, ಹಾಡುಗಾರನ ದನಿಗೂ ತಂತಿಗೂ ಯಾವ ನಂಟಿತ್ತು ಎಂಬುದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಪದ ಉಳಿಯಿತು. ಶ್ರುತಿ ಹಾಡುಗಾರನ ಜೊತೆಗೇ ಹೋಗುತ್ತಿದೆ. ಇದು ಸಣ್ಣ ನಷ್ಟವೇ ಎಂಬುದನ್ನು ನಿಧಾನವಾಗಿ ನೋಡಬೇಕು.

ತಂತಿಯ ಲೆಕ್ಕ

ತಂತಿಯ ದನಿಯನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಉದ್ದ, ದಪ್ಪ, ಬಿಗಿತ. ತಂತಿ ಗಿಡ್ಡವಾದರೆ ದನಿ ಏರುತ್ತದೆ, ದಪ್ಪವಾದರೆ ಇಳಿಯುತ್ತದೆ, ಬಿಗಿದರೆ ಏರುತ್ತದೆ. ಕಟ್ಟಿದ ವಾದ್ಯದಲ್ಲಿ ಉದ್ದ ಮತ್ತು ದಪ್ಪ ಮೊದಲೇ ಗೊತ್ತಾಗಿಬಿಟ್ಟಿರುವುದರಿಂದ ಕೈಗೆ ಉಳಿಯುವುದು ಬಿಗಿತ ಮಾತ್ರ. ಬಿರಡೆ ತಿರುವುವುದೆಂದರೆ ಬಿಗಿತವನ್ನು ಹೆಚ್ಚು ಕಡಿಮೆ ಮಾಡುವುದು. ಇಲ್ಲಿ ಒಂದು ಕಟ್ಟುನಿಟ್ಟಿನ ಲೆಕ್ಕವಿದೆ. ದನಿಯನ್ನು ಒಂದು ಸ್ಥಾಯಿ ಮೇಲಕ್ಕೆ, ಅಂದರೆ ಎರಡು ಪಟ್ಟು ಕಂಪನಕ್ಕೆ ಒಯ್ಯಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಮಧ್ಯಮದಲ್ಲಿದ್ದ ತಂತಿಯನ್ನು ಪಂಚಮಕ್ಕೆ ಏರಿಸಲು ಬಿಗಿತವನ್ನು ಸುಮಾರು ಕಾಲುಭಾಗ ಹೆಚ್ಚಿಸಿದರೆ ಸಾಕು. ಆದ್ದರಿಂದ ಒಂದು ತಂತಿಯನ್ನು ಎರಡು ಮೂರು ಸ್ವರಗಳಷ್ಟು ಆಚೀಚೆ ಸರಿಸಬಹುದು. ಅದಕ್ಕಿಂತ ಹೆಚ್ಚು ಏರಿಸಿದರೆ ತಂತಿ ಹರಿಯುತ್ತದೆ, ಹೆಚ್ಚು ಇಳಿಸಿದರೆ ಸಡಿಲಾಗಿ ದನಿಯೇ ಸಾಯುತ್ತದೆ. ಗಂಡಸಿನ ದನಿಗೆ ಕಟ್ಟಿದ ಏಕತಾರಿಯನ್ನು ಹೆಣ್ಣುಮಗಳು ಹಾಡಲು ತೆಗೆದುಕೊಂಡರೆ ಬಿರಡೆ ತಿರುವಿದರೆ ಸಾಲದು, ತೆಳುವಾದ ಬೇರೆ ತಂತಿಯನ್ನೇ ಹಾಕಬೇಕಾದೀತು. ಹೀಗಾಗಿ ಹಾಡುಗಾರ ಮತ್ತು ವಾದ್ಯ ಒಬ್ಬರಿಗೊಬ್ಬರು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಇರುತ್ತಾರೆ.

ಹನ್ನೆರಡನೆಯ ಶತಮಾನದ ಶರಣರಿಗೆ ಈ ನಂಟು ಚೆನ್ನಾಗಿ ಗೊತ್ತಿತ್ತು. ಬೊಮ್ಮಯ್ಯನೆಂಬ ಶರಣ ನುಡಿಸುತ್ತಿದ್ದ ಕಿನ್ನರಿಯೇ ಅವನ ಹೆಸರಾಗಿ ಕಿನ್ನರಿ ಬೊಮ್ಮಯ್ಯ ಎಂದೇ ಅವನನ್ನು ಕರೆದರು. ಬಸವಣ್ಣನವರು ಒಂದು ವಚನದಲ್ಲಿ ತಮ್ಮ ಮೈಯನ್ನೇ ತಂತಿವಾದ್ಯವಾಗಿ ಕಲ್ಪಿಸಿಕೊಂಡರು. ಶಿಶುನಾಳ ಶರೀಫರ ಹೆಸರಾಂತ ಪದವೊಂದರ ವಸ್ತುವೇ ತಂಬೂರಿ. ಬಾರಿಸಲು ಅರಿಯದವನ ಕೈಗೆ ಅದು ಸಲ್ಲದು ಎಂಬುದು ಅದರ ಭಾವ. ಶ್ರುತಿ ಕೂಡುವುದು ಈ ಪರಂಪರೆಯಲ್ಲಿ ಸಂಗೀತದ ಮಾತಷ್ಟೇ ಅಲ್ಲ, ಸಾಧನೆಯ ಮಾತು.

ಒಂದೇ ತಂತಿ, ಮೂರು ಮನೆ

ಏಕತಾರಿಗೆ ಇರುವುದು ಒಂದೇ ತಂತಿ. ಅದರಲ್ಲಿ ಎಷ್ಟು ಬಗೆಯ ಶ್ರುತಿ ಸಾಧ್ಯ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಸರಳವಾಗಿದೆ. ಬಿರಡೆಯನ್ನು ಮುಟ್ಟದೆಯೂ ಶ್ರುತಿಯನ್ನು ಬದಲಿಸಬಹುದು. ತಂತಿಯ ದನಿಯನ್ನೇ ಷಡ್ಜವೆಂದು ಹಿಡಿದು ಹಾಡಿದರೆ ಅದು ಒಂದು ಬಗೆ. ಅದೇ ತಂತಿಯನ್ನು ಮಂದ್ರದ ಪಂಚಮ ಎಂದು ಭಾವಿಸಿ, ಅದರ ಮೇಲಿನ ನಾಲ್ಕನೆಯ ಸ್ವರದಲ್ಲಿ ಷಡ್ಜವನ್ನು ಇಟ್ಟುಕೊಂಡು ಹಾಡಿದರೆ ಅದು ಎರಡನೆಯ ಬಗೆ. ತಂತಿಯನ್ನು ಮಂದ್ರದ ಮಧ್ಯಮವೆಂದು ಹಿಡಿದು, ಅದರ ಮೇಲಿನ ಐದನೆಯ ಸ್ವರದಲ್ಲಿ ಷಡ್ಜವನ್ನು ನಿಲ್ಲಿಸಿದರೆ ಮೂರನೆಯ ಬಗೆ. ತಂತಿ ಕದಲುವುದಿಲ್ಲ, ಹಾಡಿನ ಮನೆ ಬದಲಾಗುತ್ತದೆ. ಮೊದಲ ಬಗೆಯಲ್ಲಿ ಹಾಡಿನ ಪ್ರತಿ ಸಾಲೂ ತಂತಿಯ ಹತ್ತಿರವೇ ಬಂದು ಕೂರುತ್ತದೆ. ಎರಡನೆಯದರಲ್ಲಿ ಸಾಲು ತಂತಿಯ ಮೇಲೆ ಎತ್ತರದಲ್ಲಿ ನಿಲ್ಲುತ್ತದೆ, ಕೆಳಗೆ ನೆಲವಿರುವಂತೆ ತಂತಿ ಕೇಳುತ್ತದೆ. ಸಾಹಿತ್ಯ ಅದೇ ಇದ್ದರೂ ಕೇಳುಗನಿಗಾಗುವ ಅನುಭವ ಬೇರೆ.

ಇದು ಹಳ್ಳಿಗರ ಅಡ್ಡದಾರಿ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಕರ್ನಾಟಕ ಸಂಗೀತದಲ್ಲಿ ಮಧ್ಯಮ ಶ್ರುತಿ ಎಂಬ ಕ್ರಮ ಶಾಸ್ತ್ರೋಕ್ತವಾಗಿಯೇ ಇದೆ. ಪುನ್ನಾಗವರಾಳಿ, ನಾದನಾಮಕ್ರಿಯೆ, ನವರೋಜು, ಕುರಂಜಿಯಂಥ ರಾಗಗಳ ಹರಹು ಚಿಕ್ಕದು. ತಾರ ಷಡ್ಜವನ್ನು ಮುಟ್ಟದೆ ಅವು ತಿರುಗಿಬಿಡುತ್ತವೆ. ಅವನ್ನು ಹಾಡುವಾಗ ಮಧ್ಯಮವನ್ನೇ ಷಡ್ಜವೆಂದು ಹಿಡಿದು, ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುವುದುಂಟು. ಈ ರಾಗಗಳಿಗೂ ಜನಪದ ಧಾಟಿಗಳಿಗೂ ಹತ್ತಿರದ ನಂಟಿದೆ ಎಂಬುದನ್ನು ಸಂಗೀತಜ್ಞರು ಒಪ್ಪುತ್ತಾರೆ. ಶಾಸ್ತ್ರದ ಪುಸ್ತಕದಲ್ಲಿ ಹೆಸರಿರುವುದಕ್ಕೂ ಭಜನೆಯಲ್ಲಿ ಹೆಸರಿಲ್ಲದೆ ನಡೆಯಬಹುದಾದದ್ದಕ್ಕೂ ತತ್ವ ಒಂದೇ.

ನಾಲ್ಕು ತಂತಿಯ ತಂಬೂರಿಯಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟ. ಸಾಮಾನ್ಯವಾಗಿ ಮೊದಲ ತಂತಿ ಮಂದ್ರ ಪಂಚಮ, ನಡುವಿನ ಜೋಡಿ ತಂತಿಗಳು ಷಡ್ಜ, ಕೊನೆಯ ಹಿತ್ತಾಳೆಯ ತಂತಿ ಅದರ ಕೆಳಗಿನ ಷಡ್ಜ, ಅಂದರೆ ಖರ್ಜ. ಮಾಲಕಂಸದಲ್ಲಿ ಪಂಚಮವಿಲ್ಲ, ಆಗ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಮಾರವಾ, ಪೂರಿಯಾಗಳಲ್ಲಿ ಪಂಚಮವೂ ಇಲ್ಲ, ಶುದ್ಧ ಮಧ್ಯಮವೂ ಇಲ್ಲ. ಆಗ ಅದನ್ನು ನಿಷಾದಕ್ಕೆ ಏರಿಸುವುದುಂಟು. ನಾಲ್ಕರಲ್ಲಿ ಒಂದೇ ತಂತಿ ಸರಿದರೂ ಕೋಣೆಯ ಬೆಳಕೇ ಬೇರೆಯಾದಂತೆ ಇಡೀ ನಾದದ ಬಣ್ಣ ಬದಲಾಗುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ಒಂದು ಎಳೆ ನೂಲು ತಂತಿಗೆ ಜವಾರಿ ಕೊಡುತ್ತದೆ. ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ಝೇಂಕಾರ ಹುಟ್ಟುತ್ತದೆ ಅಥವಾ ಸಾಯುತ್ತದೆ. ಈ ಸೀಮೆಗೆ ಹತ್ತಿರದಲ್ಲಿ ತಂಬೂರಿಗೆ ಹೆಸರಾದ ಊರು ಮೀರಜ. ಅಲ್ಲಿನ ಕುಶಲಿಗಳು ಪಂಢರಪುರದ ಕಡೆ ಭೀಮೆಯ ದಡದಲ್ಲಿ ಬೆಳೆದ ಸೋರೆ ಬುರುಡೆಗಳನ್ನು ಬಳಸುತ್ತಾರೆ. ಅದೇ ಭೀಮೆ ಹರಿದು ಯಾದಗಿರಿಗೆ ಬರುತ್ತದೆ. ಮೀರಜದ ತಂಬೂರಿ ಮತ್ತು ಸಿತಾರಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಎಲ್ಲಮ್ಮನ ಜೋಗತಿಯರ ಚೌಡಿಕೆ ಇನ್ನೊಂದು ತುದಿಯ ಉದಾಹರಣೆ. ಒಂದು ಮರದ ಕೊಳವೆ, ತಳಕ್ಕೆ ಚರ್ಮ, ಅದರಿಂದ ಹೊರಟ ಒಂದೇ ತಂತಿ. ಇಲ್ಲಿ ಶ್ರುತಿ ಒಮ್ಮೆ ಕೂಡಿಸಿ ಬಿಡುವ ವಸ್ತುವಲ್ಲ. ಹಿಡಿದ ಕೈಯ ಬಿಗಿತ ಹೆಚ್ಚಿದಂತೆ, ಸಡಿಲಾದಂತೆ ದನಿ ಏರುತ್ತದೆ, ಇಳಿಯುತ್ತದೆ, ಪ್ರಶ್ನೆ ಕೇಳಿದಂತೆ ಮೇಲಕ್ಕೆ ಜಾರುತ್ತದೆ. ಏಕತಾರಿಯಲ್ಲಿ ಶ್ರುತಿ ಹಾಡಿನ ನೆಲವಾದರೆ ಚೌಡಿಕೆಯಲ್ಲಿ ಶ್ರುತಿಯೇ ಮಾತಾಡುತ್ತದೆ.

ಕಡಲಾಚೆಯ ದಾಯಾದಿ

ಇದೇ ವಿಚಾರವನ್ನು ಬಿಡಿಸಿ ನೋಡಲು ದೂರದ ಒಂದು ವಾದ್ಯ ನೆರವಾಗುತ್ತದೆ. ಅದು ಅಮೆರಿಕದ ಐದು ತಂತಿಯ ಬ್ಯಾಂಜೊ. ಹೆಸರು ಅಮೆರಿಕದ್ದಾದರೂ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕದ ಜನ ತಮ್ಮ ನೆನಪಿನಿಂದ ಸೋರೆ ಬುರುಡೆಗೆ ಚರ್ಮ ಬಿಗಿದು, ಕೋಲು ತೂರಿಸಿ, ತಂತಿ ಕಟ್ಟಿ ಅದನ್ನು ಮಾಡಿಕೊಂಡರು. ಸೆನೆಗಲ್, ಗ್ಯಾಂಬಿಯಾಗಳ ಜೋಲಾ ಜನರ ಆಕೊಂಟಿಂಗ್ ಎಂಬ ಮೂರು ತಂತಿಯ ವಾದ್ಯ ಇಂದಿಗೂ ಬ್ಯಾಂಜೊದ ಹತ್ತಿರದ ಸಂಬಂಧಿಯಂತೆ ಕಾಣುತ್ತದೆ. ಎರಡರಲ್ಲಿಯೂ ಒಂದು ಗಿಡ್ಡ ತಂತಿಯುಂಟು. ಅದರ ಮೇಲೆ ಬೆರಳು ಒತ್ತುವುದಿಲ್ಲ. ಹೆಬ್ಬೆರಳು ಅದನ್ನು ಮತ್ತೆ ಮತ್ತೆ ಮೀಟುತ್ತಲೇ ಇರುತ್ತದೆ. ಅದರ ಕೆಲಸ ಒಂದೇ ಸ್ವರವನ್ನು ಹಿಡಿದು ನಿಲ್ಲುವುದು. ತಂಬೂರಿಯ ಕೆಲಸವೂ ಅದೇ.

ಅಮೆರಿಕದ ಅಪಲೇಷಿಯನ್ ಬೆಟ್ಟಗಳ ಹಳೆಯ ಬ್ಯಾಂಜೊ ವಾದಕರು ಹಾಡಿಗೊಂದು ಶ್ರುತಿ ಕೂಡಿಸುತ್ತಿದ್ದರು. ಸಾಮಾನ್ಯ ಶ್ರುತಿಯಲ್ಲಿ ಗಿಡ್ಡ ತಂತಿ ತಾರ ಷಡ್ಜ. ಉಳಿದ ನಾಲ್ಕು ಕ್ರಮವಾಗಿ ಮಂದ್ರ ಪಂಚಮ, ಷಡ್ಜ, ಗಾಂಧಾರ, ಪಂಚಮ. ಅಂದರೆ ಬೆರಳಿಡದೆ ಮೀಟಿದರೂ ಗಾಂಧಾರ ಕೇಳುತ್ತದೆ, ನಾದ ತುಂಬಿಕೊಂಡು ಹಸನ್ಮುಖವಾಗಿರುತ್ತದೆ. ಇನ್ನೊಂದು ಶ್ರುತಿಯಲ್ಲಿ ಗಾಂಧಾರದ ತಂತಿಯನ್ನು ಮಾತ್ರ ಮಧ್ಯಮಕ್ಕೆ ಏರಿಸುತ್ತಾರೆ. ಆಗ ತೆರೆದ ತಂತಿಗಳಲ್ಲಿ ಗಾಂಧಾರವೇ ಇಲ್ಲ. ನಾದ ಖಾಲಿ ಖಾಲಿಯಾಗಿ, ದುಃಖದ ಕಥನಗೀತೆಗಳಿಗೆ ಹೇಳಿ ಮಾಡಿಸಿದಂತಿರುತ್ತದೆ.

ಮೂರನೆಯ ಶ್ರುತಿ ಇನ್ನೂ ಕುತೂಹಲದ್ದು. ಅದರಲ್ಲಿ ಮಂದ್ರದ ತಂತಿಯನ್ನು ಒಂದು ಸ್ವರ ಇಳಿಸಿ ಅದನ್ನೇ ಹೊಸ ಷಡ್ಜ ಮಾಡುತ್ತಾರೆ. ಗಾಂಧಾರದ ತಂತಿಯನ್ನು ಅರ್ಧ ಸ್ವರ ಏರಿಸಿ ಆ ಹೊಸ ಷಡ್ಜದ ಮೇಲಿನ ಸ್ಥಾಯಿಗೆ ಸೇರಿಸುತ್ತಾರೆ. ಗಿಡ್ಡ ತಂತಿಯನ್ನು ಯಾರೂ ಮುಟ್ಟಲಿಲ್ಲ. ಆದರೆ ಇಷ್ಟು ಹೊತ್ತು ಷಡ್ಜವಾಗಿದ್ದ ಅದು ಈಗ ಪಂಚಮ! ತಾನು ಕದಲದೆ ತನ್ನ ಅರ್ಥವನ್ನು ಬದಲಿಸಿಕೊಂಡ ಈ ತಂತಿಗೂ, ಮನೆ ಬದಲಿಸಿ ಹಾಡುವವನ ಏಕತಾರಿಗೂ ವ್ಯತ್ಯಾಸವೇನಿದೆ? ಒಂದು ಊರಿನವರು ಇನ್ನೊಂದು ಊರಿನವರಿಂದ ಕಲಿತದ್ದು ಇದಲ್ಲ. ತಂತಿಯ ಗುಣವೇ ಹಾಗೆ. ಅದನ್ನು ಗಮನವಿಟ್ಟು ಕೇಳಿದವರು ಎಲ್ಲಿಯೇ ಇರಲಿ, ಇದನ್ನು ಕಂಡುಕೊಳ್ಳುತ್ತಾರೆ.

ಆದರೆ ಒಂದು ವ್ಯತ್ಯಾಸ ಮುಖ್ಯವಾದದ್ದು. ಅಮೆರಿಕದಲ್ಲಿ ಹಾಡು ಸಂಗ್ರಹಿಸಿದವರೂ ವಾದಕರೂ ಯಾವ ಹಾಡಿಗೆ ಯಾವ ಶ್ರುತಿ ಎಂಬುದನ್ನು ಬರೆದಿಟ್ಟರು. ಕಲಿಯುವವರ ಕೈಪಿಡಿಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ಐದು ತಂತಿಗಳ ಶ್ರುತಿ ಅಚ್ಚಾಗಿರುತ್ತದೆ. ಹಾಡಿನ ಹೆಸರಿನಷ್ಟೇ ಅದು ಮುಖ್ಯವೆಂದು ಅವರು ಭಾವಿಸಿದರು.

ಪೇಟಿ ಬಂದ ಮೇಲೆ

ಇತ್ತ ಬೇರೊಂದು ಕಥೆ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಬಂದ ಹಾರ್ಮೋನಿಯಂ ಕಂಪನಿ ನಾಟಕಗಳ ಮೂಲಕ, ಕೀರ್ತನೆಯ ಮೂಲಕ, ಕವ್ವಾಲಿಯ ಮೂಲಕ ಹಳ್ಳಿ ಹಳ್ಳಿಯ ಭಜನೆಗೂ ಬಂದಿತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಪೇಟಿ ಎಂದೇ ಹೆಸರು. ಅದನ್ನು ಬೈಯುವುದು ಸುಲಭ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವೇ ಇಟ್ಟಿತ್ತು. ಆದರೆ ಪೇಟಿಯ ಉಪಕಾರವನ್ನೂ ಮರೆಯಬಾರದು. ಮಳೆಗಾಲದಲ್ಲಿಯೂ ಅದರ ಶ್ರುತಿ ಬೇಗ ಕದಲುವುದಿಲ್ಲ, ಹತ್ತು ಜನರ ಗದ್ದಲದಲ್ಲಿಯೂ ಅದರ ದನಿ ಕೇಳುತ್ತದೆ, ಹೊಸಬನಿಗೂ ಧಾಟಿ ತಪ್ಪದಂತೆ ಕೈಹಿಡಿದು ನಡೆಸುತ್ತದೆ. ಪೇಟಿ ಮಾಸ್ತರರು ಇಲ್ಲದಿದ್ದರೆ ಎಷ್ಟೋ ಊರುಗಳಲ್ಲಿ ಭಜನೆಯೇ ನಿಂತುಹೋಗುತ್ತಿತ್ತು.

ಬೆಲೆ ತೆತ್ತದ್ದು ಎರಡು ಕಡೆ. ಒಂದು, ಸ್ವರದ ಜಾಗ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಎಂದು ಇಟ್ಟುಕೊಂಡರೆ, ಅದಕ್ಕೆ ಕೂಡುವ ಗಾಂಧಾರ 300. ಖರ್ಜದ ತಂತಿಯನ್ನು ಗಮನವಿಟ್ಟು ಕೇಳಿದರೆ ಈ ಗಾಂಧಾರ ಯಾರೂ ನುಡಿಸದೆ ತಾನಾಗಿ ಒಳಗಿನಿಂದ ಕೇಳಿಬರುತ್ತದೆ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿಗೊಳಿಸಿದ ಪೇಟಿಯಲ್ಲಿ ಅದೇ ಗಾಂಧಾರ ಸುಮಾರು 302.4. ಪಂಚಮದಲ್ಲಿ ವ್ಯತ್ಯಾಸ ಅತ್ಯಲ್ಪ, 360ರ ಬದಲು 359.6. ಗಾಂಧಾರದ ವ್ಯತ್ಯಾಸ ಮಾತ್ರ ಪಳಗಿದ ಕಿವಿಗೆ ಚುಚ್ಚುತ್ತದೆ. ಎರಡು, ಹಾಡುಗಾರನ ದನಿ. ಪೇಟಿಯಲ್ಲಿ ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಎಂದು ಮನೆಗಳು ಮೊದಲೇ ಗೊತ್ತಾಗಿವೆ. ಎರಡು ಮನೆಗಳ ನಡುವೆ ಸಹಜವಾಗಿ ನಿಲ್ಲುವ ಗಂಟಲು ಮೇಲಕ್ಕೋ ಕೆಳಕ್ಕೋ ಸರಿಯಲೇಬೇಕು. ಏಕತಾರಿ ಹಾಡುಗಾರನನ್ನು ಹುಡುಕಿಕೊಂಡು ಬರುತ್ತಿತ್ತು. ಪೇಟಿಯನ್ನು ಹಾಡುಗಾರ ಹುಡುಕಿಕೊಂಡು ಹೋಗಬೇಕು.

ಇದೇ ಸಾಲಿನಲ್ಲಿ ಬರುವ ಇನ್ನೊಂದು ವಾದ್ಯದ ಹೆಸರೂ ಇಲ್ಲಿ ಬ್ಯಾಂಜೊ ಎಂದೇ. ಮೆರವಣಿಗೆಗಳಲ್ಲಿ, ಕವ್ವಾಲಿಯಲ್ಲಿ ಕಾಣುವ, ಟೈಪ್‌ರೈಟರಿನಂಥ ಗುಂಡಿಗಳಿರುವ ಈ ಪೆಟ್ಟಿಗೆಗೂ ಅಮೆರಿಕದ ಬ್ಯಾಂಜೊಗೂ ಸಂಬಂಧವಿಲ್ಲ. ಇದರ ನಿಜವಾದ ಹೆಸರು ಬುಲ್‌ಬುಲ್ ತರಂಗ್. ಜಪಾನಿನ ನಗೋಯಾದಲ್ಲಿ 1912ರಲ್ಲಿ ಗೋರೊ ಮೊರಿಟಾ ರೂಪಿಸಿದ ತೈಶೊಗೊಟೊ ಎಂಬ ವಾದ್ಯ ಭಾರತಕ್ಕೆ ಬಂದು ಪಡೆದ ರೂಪವಿದು. ಗುಂಡಿ ಒತ್ತಿದರೆ ಸ್ವರ ಸಿದ್ಧ. ಆದರೂ ಇದರಲ್ಲಿ ತಂತಿ ಮತ್ತು ಬಿರಡೆ ಉಳಿದಿವೆ. ಬೇಕೆಂದರೆ ಶ್ರುತಿಯ ತಂತಿಗಳನ್ನು ಹಾಡಿಗೆ ತಕ್ಕಂತೆ ಪಂಚಮಕ್ಕೋ ಮಧ್ಯಮಕ್ಕೋ ಕೂಡಿಸಿಕೊಳ್ಳಬಹುದು. ಈಗ ಕಿಸೆಯಲ್ಲಿರುವ ಮೊಬೈಲ್ ಫೋನೇ ತಂಬೂರಿಯಾಗಿದೆ. ಅದರಲ್ಲಿ ಕಂಪನವನ್ನು ಸೂಕ್ಷ್ಮವಾಗಿ ಸರಿಸುವ ಅವಕಾಶವಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಸರಿಸಬೇಕೆಂಬುದು ಗೊತ್ತಿದ್ದವರಿಗೆ ಮಾತ್ರ ಆ ಅವಕಾಶ ಉಪಯೋಗಕ್ಕೆ ಬರುತ್ತದೆ.

ಬರೆದಿಡಬೇಕಾದ ನಾಲ್ಕು ಮಾತು

ಸುರಪುರಕ್ಕೂ ವಾದ್ಯಗಳ ದಾಖಲೆಗೂ ಒಂದು ಹಳೆಯ ನಂಟಿದೆ. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ಬಂದವನು ಮೆಡೋಸ್ ಟೇಲರ್. ಬಾಲಕ ದೊರೆ ವೆಂಕಟಪ್ಪ ನಾಯಕ ಅವನನ್ನು ಅಪ್ಪ ಎಂದು ಕರೆಯುತ್ತಿದ್ದ. ಆ ದೊರೆ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಅದೇ ವರ್ಷ ಜೀವ ತೆತ್ತ ಕಥೆ ಎಲ್ಲರಿಗೂ ಗೊತ್ತು. ಟೇಲರನ ಕಾದಂಬರಿಗಳೂ ಆತ್ಮಕಥೆಯೂ ಪ್ರಸಿದ್ಧ. ಅಷ್ಟಾಗಿ ಗೊತ್ತಿರದ ಸಂಗತಿಯೆಂದರೆ, ಊರಿಗೆ ಮರಳಿದ ಮೇಲೆ 1860ರ ದಶಕದಲ್ಲಿ ಅವನು ರಾಯಲ್ ಐರಿಷ್ ಅಕಾಡೆಮಿಯ ಸಂಗ್ರಹಕ್ಕೆ ಬಂದ ಭಾರತೀಯ ವಾದ್ಯಗಳ ವಿವರಪಟ್ಟಿಯೊಂದನ್ನು ಬರೆದ. ವಾದ್ಯಗಳು ಡಬ್ಲಿನ್ನಿಗೆ ಹೋದವು. ಸಂಗ್ರಹಾಲಯದ ಗಾಜಿನ ಹಿಂದೆ ಬುರುಡೆ, ದಂಡಿ, ಬಿರಡೆ ಎಲ್ಲವೂ ಇರಬಲ್ಲವು. ಇರಲಾರದ್ದು ಶ್ರುತಿ ಒಂದೇ. ಅದು ಕೈ ಮತ್ತು ಕಿವಿಗಳ ನಡುವೆ ಮಾತ್ರ ಬದುಕುತ್ತದೆ.

ಹಾಗಾದರೆ ಮಾಡುವುದೇನು? ದೊಡ್ಡ ಯೋಜನೆ ಬೇಕಿಲ್ಲ. ಈಗ ಹಳ್ಳಿಯ ಹುಡುಗರೂ ಭಜನೆಯನ್ನು ಫೋನಿನಲ್ಲಿ ಧ್ವನಿಮುದ್ರಿಸುತ್ತಾರೆ. ಆದರೆ ಬಹುಮಟ್ಟಿಗೆ ಪದ ಶುರುವಾದ ಮೇಲೆಯೇ ಗುಂಡಿ ಒತ್ತುತ್ತಾರೆ. ಅದನ್ನು ಎರಡು ನಿಮಿಷ ಮೊದಲೇ ಒತ್ತಿದರೆ ಸಾಕು, ಶ್ರುತಿ ಕೂಡಿಸುವ ಕ್ರಮ ದಾಖಲಾಗಿಬಿಡುತ್ತದೆ. ಜೊತೆಗೆ ನಾಲ್ಕು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಬೇಕು: ತಂತಿ ಯಾವುದು, ಉಕ್ಕಿನದೋ ಹಿತ್ತಾಳೆಯದೋ? ತಂತಿಯನ್ನು ಷಡ್ಜಕ್ಕೆ ಕೂಡಿಸಿದರೋ ಬೇರೆ ಸ್ವರಕ್ಕೋ? ಪದದಿಂದ ಪದಕ್ಕೆ ಅದನ್ನು ಬದಲಿಸುತ್ತಾರೆಯೇ? ಹೀಗೆ ಕೂಡಿಸುವುದನ್ನು ಯಾರಿಂದ ಕಲಿತರು? ಈ ನಾಲ್ಕು ಉತ್ತರಗಳಿದ್ದರೆ ಮುಂದೆಂದಾದರೂ ಆ ಪದವನ್ನು ಕಲಿಯುವವರಿಗೆ ಸಾಹಿತ್ಯದ ಜೊತೆ ಅದು ನಿಂತಿದ್ದ ನೆಲವೂ ಸಿಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿಯೇ ಮಾಡಬಹುದಾದ ಕೆಲಸವಿದು. ಇದಕ್ಕೆ ಸ್ವರಜ್ಞಾನಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಇದರ ಅರ್ಥ ಪೇಟಿಯನ್ನು ಮಠದಿಂದ ಹೊರಗಿಡಬೇಕೆಂದಲ್ಲ. ಪೇಟಿ ಇರಲಿ, ಫೋನೂ ಇರಲಿ. ಅವುಗಳ ಪಕ್ಕದಲ್ಲಿ ಒಂದು ಏಕತಾರಿಗೂ ಜಾಗವಿರಲಿ. ಊರಿನ ಹಿರಿಯ ಹಾಡುಗಾರ ಬಿರಡೆಗೆ ಕೈ ಹಾಕಿದಾಗ ಹಾಡು ಇನ್ನೂ ಶುರುವಾಗಿಲ್ಲ ಎಂದುಕೊಂಡು ಕೇಳುಗರು ಮಾತಿಗೆ ಇಳಿಯದಿರಲಿ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತ ಹುಡುಗನೊಬ್ಬ ‘ಯಜ್ಜಾ, ಇಷ್ಟ್ಯಾಕ ತಿರುವಿದ್ರಿ?’ ಎಂದು ಕೇಳಿದರೆ, ಉತ್ತರ ಹೇಳಬಲ್ಲವರು ಯಾದಗಿರಿಯಲ್ಲಿ, ಶಹಾಪುರದಲ್ಲಿ, ಸುರಪುರದಲ್ಲಿ ಇನ್ನೂ ಇದ್ದಾರೆ. ಕೇಳುವವರು ಬೇಕಾಗಿದ್ದಾರೆ.